ಚಿತ್ರ ಬರೆದ ಗಂಟೆಗೆ ಎಷ್ಟು ಕೇಳಲಿ?

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನ ಜಾಹೀರಾತು ಸಂಸ್ಥೆಯೊಂದರಲ್ಲಿ ತಿಂಗಳಿಗೆ 45,000 ರೂಪಾಯಿ ಸಂಬಳಕ್ಕೆ ಚಿತ್ರಕಾರಳಾಗಿದ್ದೆ. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟು ಧಾರವಾಡಕ್ಕೆ ಬಂದೆ. ಎರಡು ವರ್ಷದಿಂದ ಮನೆಯಲ್ಲೇ ಕುಳಿತು ಪುಸ್ತಕಗಳ ಮುಖಪುಟ, ಮಕ್ಕಳ ಕಥೆಗಳಿಗೆ ಚಿತ್ರ ಬರೆದುಕೊಡುತ್ತಿದ್ದೇನೆ. ಹಳೆಯ ಸಂಬಳವನ್ನು 26 ದಿನ, ದಿನಕ್ಕೆ 8 ಗಂಟೆಯಂತೆ ಭಾಗಿಸಿ ಗಂಟೆಗೆ 216 ರೂಪಾಯಿ ಎಂದು ಇಟ್ಟುಕೊಂಡಿದ್ದೇನೆ. ಕೈತುಂಬ ಕೆಲಸವಿದೆ, ಕೈಯಲ್ಲಿ ದುಡ್ಡಿಲ್ಲ. ಈಗ ಪ್ರಕಾಶಕರೊಬ್ಬರು 32 ಪುಟದ ಮಕ್ಕಳ ಪುಸ್ತಕಕ್ಕೆ 16 ಚಿತ್ರ ಮತ್ತು ಮುಖಪುಟ ಸೇರಿ 40,000 ಕೊಡುತ್ತೇವೆ ಎನ್ನುತ್ತಿದ್ದಾರೆ. ಹೊರದೇಶದವರಿಗೆ ಕೆಲಸ ಮಾಡುವ ಗೆಳತಿ ಗಂಟೆಗೆ 1,500ಕ್ಕಿಂತ ಕಡಿಮೆ ಕೇಳಲೇಬೇಡ ಎನ್ನುತ್ತಾಳೆ. ಲೆಕ್ಕ ಬರೆಯುವ ಮೈದುನ, ‘ಅತ್ತಿಗೆ, ಖಾತೆ ಪುಸ್ತಕದ ಪ್ರಕಾರ ನಿಮ್ಮ ಗಂಟೆಯ ಬೆಲೆ ಸೊನ್ನೆ’ ಎಂದು ನಗುತ್ತಾನೆ. ನನ್ನದೇ ಒಂದು ಚಿತ್ರಪುಸ್ತಕಕ್ಕೆ ಸುಮಾರು 300 ಗಂಟೆ ಸುರಿದಿದ್ದೇನೆ. ಆ 64,800 ರೂಪಾಯಿಯನ್ನು ಖರ್ಚೆಂದು ತೋರಿಸಬಹುದೇ? ಟ್ರಸ್ಟ್ ಒಂದಕ್ಕೆ ಬಿಟ್ಟಿಯಾಗಿ ಬರೆದುಕೊಟ್ಟ ಚಿತ್ರಗಳಿಗೆ ತೆರಿಗೆ ವಿನಾಯಿತಿ ಸಿಗುತ್ತದೆಯೇ? ಕೊನೆಯದಾಗಿ, ನೆಂಟರ ಮದುವೆ ಕರೆಯೋಲೆಗೆ ದುಡ್ಡು ಕೇಳುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ಬೇರು ಒಂದೇ. ನಿಮ್ಮ ಒಂದು ಗಂಟೆಗೆ ಗೆಳತಿ 1,500 ಎನ್ನುತ್ತಾಳೆ, ನೀವು 216 ಎನ್ನುತ್ತೀರಿ, ಮೈದುನ ಸೊನ್ನೆ ಎನ್ನುತ್ತಾನೆ. ಮೂವರಲ್ಲಿ ಯಾರು ಸರಿ? ಮೈದುನನ ಮಾತು ಅವನ ಪುಸ್ತಕದ ಮಟ್ಟಿಗೆ ಸರಿ. ಗೆಳತಿಯ ಮಾತು ಅವಳ ಮಾರುಕಟ್ಟೆಯ ಮಟ್ಟಿಗೆ ಸರಿ. ತಪ್ಪಿರುವುದು ನಿಮ್ಮ 216 ಮಾತ್ರ.

ಹುಬ್ಬಳ್ಳಿಯಲ್ಲಿ ಕುಳಿತು ಚಿತ್ರಕಾರರು, ಛಾಯಾಗ್ರಾಹಕರು, ಅನುವಾದಕರ ಲೆಕ್ಕ ನೋಡುತ್ತ ನನಗೆ 22 ವರ್ಷವಾಯಿತು. ಕೆಲಸ ಬಿಟ್ಟು ಸ್ವಂತ ದುಡಿಮೆಗೆ ಇಳಿದವರು ಹೆಚ್ಚುಕಡಿಮೆ ಎಲ್ಲರೂ ಮೊದಲ ವರ್ಷ ಇದೇ ಭಾಗಾಕಾರ ಮಾಡಿರುತ್ತಾರೆ. ಸಂಬಳ ಎಂಬುದು ಕುರ್ಚಿಯಲ್ಲಿ ಕುಳಿತ ಎಲ್ಲ ಗಂಟೆಗೂ ಬರುತ್ತಿತ್ತು. ಸಭೆಯಲ್ಲಿ ಆಕಳಿಸಿದ್ದಕ್ಕೂ ಬರುತ್ತಿತ್ತು, ಕರೆಂಟು ಹೋಗಿ ಕೈಕಟ್ಟಿ ಕುಳಿತಿದ್ದಕ್ಕೂ ಬರುತ್ತಿತ್ತು, ಜ್ವರ ಬಂದು ಮಲಗಿದ ದಿನಕ್ಕೂ ಬರುತ್ತಿತ್ತು. ಕಂಪ್ಯೂಟರ್ ಅವರದು, ಬಾಡಿಗೆ ಅವರದು, ಗಿರಾಕಿಯನ್ನು ಹುಡುಕುವ ತಲೆನೋವು ಅವರದು, ಭವಿಷ್ಯ ನಿಧಿಯಲ್ಲಿ ಒಂದು ಪಾಲು ಅವರದು. ಈಗ ಇದೆಲ್ಲ ನಿಮ್ಮ ತಲೆಯ ಮೇಲಿದೆ, ಹಣ ಮಾತ್ರ ಚಿತ್ರ ಬರೆದ ಗಂಟೆಗೆ ಬರುತ್ತದೆ. ಆ ಗಂಟೆ ತನ್ನ ಅನ್ನದ ಜೊತೆಗೆ ಬರೆಯದ ಗಂಟೆಗಳ ಅನ್ನವನ್ನೂ ದುಡಿಯಬೇಕು.

ನಿಮ್ಮ ಲೆಕ್ಕವನ್ನು ತಿರುವಿ ಹಾಕೋಣ. ಹಳೆಯ ಸಂಬಳದ ಬದಲು ಈಗಿನ ಬದುಕಿನಿಂದ ಹೊರಡೋಣ. ಮನೆ ಖರ್ಚಿನಲ್ಲಿ ನಿಮ್ಮ ಪಾಲು ತಿಂಗಳಿಗೆ 35,000 ಎಂದಿಟ್ಟುಕೊಳ್ಳಿ, ವರ್ಷಕ್ಕೆ 4,20,000 ಆಯಿತು. ಆರೋಗ್ಯ ವಿಮೆಗೆ 20,000. ಮುಪ್ಪಿಗೆಂದು ತಿಂಗಳಿಗೆ 5,000ದಂತೆ 60,000. ಕಂಪ್ಯೂಟರ್, ಚಿತ್ರ ಬರೆಯುವ ಟ್ಯಾಬ್ಲೆಟ್ ಸೇರಿ 1,20,000 ಬೆಲೆ ಎಂದುಕೊಂಡರೆ ನಾಲ್ಕು ವರ್ಷ ಬಾಳಿಕೆ, ವರ್ಷಕ್ಕೆ 30,000. ಸಾಫ್ಟ್‌ವೇರ್, ಇಂಟರ್ನೆಟ್, ವಿದ್ಯುತ್ತು 24,000. ಓಡಾಟ, ಕೊರಿಯರ್, ಕಾಗದ, ಲೆಕ್ಕ ಬರೆಯುವವರ ಶುಲ್ಕ 26,000. ಮೈದುನ ಬಿಟ್ಟಿ ಬರೆದುಕೊಟ್ಟರೂ ಇದನ್ನು ಸೇರಿಸಿ, ನಾಳೆ ಅವನಿಗೂ ಮದುವೆಯಾಗುತ್ತದೆ. ಬಾರದೇ ಹೋಗುವ ಬಾಕಿಗೆಂದು 20,000. ಕೂಡಿದರೆ 6 ಲಕ್ಷ. ತೆರಿಗೆಯನ್ನು ನಾನು ಸೇರಿಸಿಲ್ಲ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಈ ಮಟ್ಟದಲ್ಲಿ ನಿಮಗೆ ತೆರಿಗೆ ಬೀಳುವುದಿಲ್ಲ.

ಇನ್ನು ಗಂಟೆಗಳು. 365ರಲ್ಲಿ 52 ಭಾನುವಾರ ಕಳೆಯಿರಿ. ಹಬ್ಬಹರಿದಿನ 20, ನಿಮಗೋ ಮಗುವಿಗೋ ಹುಷಾರಿಲ್ಲದ ದಿನ, ಊರಿಗೆ ಹೋದ ದಿನ 18 ಎಂದು ಕಳೆಯಿರಿ. ಉಳಿದದ್ದು 275 ದಿನ. ಚಿಕ್ಕ ಮಗುವಿರುವ ಮನೆಯಲ್ಲಿ ದಿನಕ್ಕೆ 6 ಗಂಟೆ ಮೇಜಿನ ಮುಂದೆ ಕುಳಿತರೆ ಅದೇ ದೊಡ್ಡದು. ಅಂದರೆ ವರ್ಷಕ್ಕೆ 1,650 ಗಂಟೆ. ಅದರಲ್ಲಿ ಪ್ರಕಾಶಕರೊಡನೆ ಫೋನು, ಮಿಂಚಂಚೆ, ದರಪಟ್ಟಿ ಕಳಿಸುವುದು, ಬಾಕಿ ಕೇಳುವುದು, ಹೊಸದನ್ನು ಕಲಿಯುವುದು, ಕೈ ಮರೆಯದಿರಲೆಂದು ಸುಮ್ಮನೆ ಗೀಚುವುದು ಎಲ್ಲ ಸೇರಿವೆ. ಬಿಲ್ಲಿಗೆ ಹೋಗುವ ಗಂಟೆ ನೂರಕ್ಕೆ 60 ಸಿಕ್ಕರೆ ನೀವು ಶಿಸ್ತಿನವರು. ಅಲ್ಲಿಗೆ ಸುಮಾರು 1,000 ಗಂಟೆ.

6 ಲಕ್ಷವನ್ನು 1,000ದಿಂದ ಭಾಗಿಸಿ. ಗಂಟೆಗೆ 600 ರೂಪಾಯಿ.

ಎರಡು ವರ್ಷದಿಂದ ಸಿಕ್ಕಿಹಾಕಿಕೊಂಡಿರುವ ಗಂಟು ಇದೇ. 600 ಬೇಕಾದ ಕಡೆ 216 ಕೇಳುತ್ತಿದ್ದೀರಿ. ಕೆಲಸ ಹೆಚ್ಚಾದಷ್ಟೂ ತೂತು ದೊಡ್ಡದಾಗುತ್ತದೆಯೇ ಹೊರತು ತುಂಬುವುದಿಲ್ಲ. ನನ್ನ ಅಂಕಿಗಳು ನಿಮ್ಮವಲ್ಲ, ನಿಮ್ಮ ಮನೆಯ ಅಂಕಿ ಹಾಕಿದರೆ 450 ಬರಬಹುದು, 800 ಬರಬಹುದು. ಗಂಟೆಯ ಅಂದಾಜಂತೂ ಊಹೆಯಾಗುವುದು ಬೇಡ. ಎರಡು ತಿಂಗಳು ಒಂದು ನೋಟುಬುಕ್ಕು ಇಡಿ. ಚಿತ್ರ ಬರೆದದ್ದು, ಕೆಲಸಕ್ಕೆ ಸಂಬಂಧಿಸಿದ ಇತರೆ ಓಡಾಟ, ತಿದ್ದುಪಡಿ, ಇಷ್ಟನ್ನು ಬೇರೆ ಬೇರೆ ಬರೆಯಿರಿ. ಕಲಾವಿದರಿಗೆ ಇದನ್ನು ಹೇಳಿದರೆ ಮುಖ ಗಂಟಿಕ್ಕುತ್ತಾರೆ. ‘ಹೊಳಹು ಬರುವುದು ಸ್ನಾನ ಮಾಡುವಾಗ, ಪಾತ್ರೆ ತೊಳೆಯುವಾಗ. ಅದನ್ನು ಹೇಗೆ ಬರೆಯಲಿ?’ ಎಂದು ಒಬ್ಬರು ನನ್ನನ್ನೇ ದಬಾಯಿಸಿದ್ದರು. ಬರೆಯಬೇಡಿ. ಕುಳಿತ ಗಂಟೆಯನ್ನಷ್ಟೇ ಬರೆಯಿರಿ, ಸ್ನಾನದ ಕೋಣೆಯ ಹೊಳಹು ಆ 600ರೊಳಗೇ ಇದೆ.

ಈ 600 ಎಂಬುದು ನಿಮ್ಮ ಅಡುಗೆಮನೆಯ ಲೆಕ್ಕ. ಅದನ್ನು ಜಗುಲಿಗೆ ತಂದು ಗಿರಾಕಿಯ ಮುಂದೆ ಹರಡಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಕೆಲಸಕ್ಕೆ ಹಣ ಕಟ್ಟುವ ರೀತಿ ಹಿಂದಿನಿಂದಲೂ ಮೂರು ಬಗೆ: ದಿನಗೂಲಿ, ಗುತ್ತಿಗೆ, ಪಾಲು. ಬಡಗಿಯನ್ನು ಬಾಗಿಲು ರಿಪೇರಿಗೆ ಕರೆದರೆ ದಿನಗೂಲಿ. ಅದೇ ಬಡಗಿ ಹೊಸ ಮನೆಯ ಕಿಟಕಿ ಬಾಗಿಲಿಗೆ ಬಂದರೆ ಗುತ್ತಿಗೆ. ಮನಸ್ಸಿನಲ್ಲಿ ದಿನದ ಲೆಕ್ಕ ಹಾಕಿಕೊಂಡೇ ಗುತ್ತಿಗೆಯ ಮೊತ್ತ ಹೇಳುತ್ತಾನೆ, ಆದರೆ ಎಷ್ಟು ದಿನ ಎಂದು ಬಾಯಿಬಿಡುವುದಿಲ್ಲ. ಹೊಲವನ್ನು ಪಾಲಿಗೆ ಮಾಡಿದವನು ಮಳೆಯನ್ನೂ ಪೈರನ್ನೂ ನಂಬಿ ಕೂರುತ್ತಾನೆ, ಬಂದರೆ ಕಣ ತುಂಬ, ಬಾರದಿದ್ದರೆ ಬೀಜವೂ ಇಲ್ಲ. ನಿಮ್ಮ ಕೆಲಸಕ್ಕೂ ಈ ಮೂರು ದಾರಿಗಳೇ ಇರುವುದು. ಗಂಟೆಯ ದರ, ಇಡೀ ಕೆಲಸಕ್ಕೆ ಒಂದು ಮೊತ್ತ, ಮಾರಾಟವಾದ ಪ್ರತಿಗೆ ಇಂತಿಷ್ಟು ಎಂದು ಬರುವ ರಾಯಲ್ಟಿ.

ಗಂಟೆಯ ದರವನ್ನೇ ಗಿರಾಕಿಗೆ ಹೇಳಿದರೆ ಆಗುವ ಅಪಾಯ ಬಹಳ ಜನಕ್ಕೆ ತಡವಾಗಿ ತಿಳಿಯುತ್ತದೆ. ನುರಿತಂತೆಲ್ಲ ಸಂಪಾದನೆ ಇಳಿಯುತ್ತದೆ. ಮೊದಲು 20 ಗಂಟೆ ಹಿಡಿಯುತ್ತಿದ್ದ ಮುಖಪುಟ ಈಗ 8 ಗಂಟೆಯಲ್ಲಿ ಆಗುತ್ತದೆ, ಹಿಂದಿನದಕ್ಕಿಂತ ಚೆನ್ನಾಗಿಯೂ ಇರುತ್ತದೆ, ಹಣ ಮಾತ್ರ ಅರ್ಧಕ್ಕಿಂತ ಕಡಿಮೆ. ನನ್ನ ಬಳಿ ಬರುತ್ತಿದ್ದ ಅಕ್ಷರ ಕಲಾವಿದರೊಬ್ಬರು ಒಂದು ಕಂಪನಿಯ ಹೆಸರನ್ನು 40 ನಿಮಿಷದಲ್ಲಿ ಬರೆದುಕೊಟ್ಟು, ಪ್ರಾಮಾಣಿಕರಾಗಿ 40 ನಿಮಿಷದ ಹಣವನ್ನೇ ತೆಗೆದುಕೊಂಡರು. ಆ ಅಕ್ಷರ ಲಾರಿಗಳ ಮೇಲೆ, ಗೋಡೆಗಳ ಮೇಲೆ, ಡಬ್ಬಿಗಳ ಮೇಲೆ 12 ವರ್ಷ ಓಡಾಡಿತು. ಅವರು ಮೋಸಹೋದರು ಎಂದು ನಾನು ಹೇಳಲಾರೆ, ಅವರು ಮಾರಿದ್ದು ನಿಮಿಷ, ಕಂಪನಿ ಕೊಂಡದ್ದು 12 ವರ್ಷದ ಗುರುತು. ಎರಡೂ ಕಡೆಯವರು ಬೇರೆ ಬೇರೆ ವಸ್ತುವಿನ ಬೆಲೆ ಮಾತಾಡಿದ್ದರು, ಅಷ್ಟೇ.

ಆದ್ದರಿಂದ ಗಿರಾಕಿಗೆ ಹೇಳುವುದು ಗುತ್ತಿಗೆಯ ಮೊತ್ತ. ಅದು ಅಡುಗೆಮನೆಯ ಲೆಕ್ಕಕ್ಕಿಂತ ಕೆಳಗಿಳಿಯಬಾರದು. ಎಷ್ಟು ಮೇಲೆ ಹೋಗಬಹುದು ಎಂಬುದನ್ನು ಚಿತ್ರ ಎಲ್ಲಿ, ಎಷ್ಟು ಕಾಲ, ಎಷ್ಟು ಜನರ ಮುಂದೆ ಬಳಕೆಯಾಗುತ್ತದೆ ಎಂಬುದು ಹೇಳುತ್ತದೆ. 1,000 ಪ್ರತಿಯ ಕವನ ಸಂಕಲನದ ಮುಖಪುಟಕ್ಕೂ ಚಹಾಪುಡಿ ಪೊಟ್ಟಣಕ್ಕೂ ನೀವು ಕುಳಿತದ್ದು ಅಷ್ಟೇ ಹೊತ್ತಾದರೂ ಬೆಲೆ ಒಂದೇ ಆಗಬೇಕಿಲ್ಲ.

ಗೆಳತಿಯ 1,500ದ ಮಾತು ಸುಳ್ಳಲ್ಲ, ಆದರೆ ಅದನ್ನು ಧಾರವಾಡದ ಪ್ರಕಾಶಕರ ಮುಂದಿಟ್ಟರೆ ಕೆಲಸ ಸಿಗುವುದಿಲ್ಲ. ಹೊರದೇಶದ ಗಿರಾಕಿಗಳ ಕೆಲಸ ನಿಮಗೂ ಬಂದರೆ ಆ ದರವನ್ನೇ ಕೇಳಿ, ಸಂಕೋಚ ಬೇಡ. ಒಂದೇ ಕೈ ಎರಡು ಮಾರುಕಟ್ಟೆಯಲ್ಲಿ ಎರಡು ದರಕ್ಕೆ ದುಡಿಯುವುದು ಅಪ್ರಾಮಾಣಿಕತೆಯಲ್ಲ, ಅಲ್ಫಾನ್ಸೋ ಮಾವೂ ಹಾಗೆಯೇ ಮಾರಾಟವಾಗುತ್ತದೆ. ಎರಡೂ ಸೇರಿ ವರ್ಷದ ಸರಾಸರಿ 600 ದಾಟಿದರೆ ಸಾಕು. ಹಾಗೆಯೇ ‘ಹೆಸರು ಬರುತ್ತದೆ’ ಎಂಬ ಮಾತು. ಬರುತ್ತದೆ, ಆದರೆ ಮುಖಪುಟ ಬರೆದವರ ಹೆಸರು ಮೂರನೇ ಪುಟದಲ್ಲಿ ಇರುವೆ ಗಾತ್ರದಲ್ಲಿ ಬರುತ್ತದೆ. ನಮ್ಮಲ್ಲಿ ಈ ಹಣಕ್ಕೆ ಇರುವ ಪದಗಳನ್ನೇ ನೋಡಿ. ಗಾರೆಯವನಿಗೆ ಕೂಲಿ, ಗುಮಾಸ್ತನಿಗೆ ಸಂಬಳ, ವಕೀಲರಿಗೆ ಫೀಸು, ಕಲಾವಿದರಿಗೆ ‘ಗೌರವಧನ’. ಕೂಲಿಯನ್ನು ಚೌಕಾಸಿ ಮಾಡಬಹುದು, ಫೀಸನ್ನು ಕೇಳಿ ಪಡೆಯಬಹುದು, ಗೌರವಧನವನ್ನು ಮಾತ್ರ ಕೊಟ್ಟಷ್ಟು ತೆಗೆದುಕೊಂಡು ನಮಸ್ಕಾರ ಮಾಡಬೇಕು. ನಿಮ್ಮ ಬಿಲ್ಲಿನಲ್ಲಿ ಆ ಪದ ಬೇಡ. ‘ಚಿತ್ರರಚನಾ ಶುಲ್ಕ’ ಎಂದು ಬರೆಯಿರಿ.

ಈಗ 40,000ದ ಪುಸ್ತಕ. ಜೋಡಿಪುಟ ತುಂಬುವ ಚಿತ್ರ ಒಂದಕ್ಕೆ ಕರಡಿನಿಂದ ಬಣ್ಣದವರೆಗೆ 9 ಗಂಟೆ ಎಂದರೆ 16ಕ್ಕೆ 144 ಗಂಟೆ. ಪಾತ್ರಗಳ ರೂಪ ಕಟ್ಟಲು 20, ಮುಖಪುಟಕ್ಕೆ 16, ತಿದ್ದುಪಡಿಗೆ 30. ಒಟ್ಟು 210 ಗಂಟೆ. 40,000 ತೆಗೆದುಕೊಂಡರೆ ಗಂಟೆಗೆ 190 ರೂಪಾಯಿ ಬಿತ್ತು. 600ರ ಲೆಕ್ಕದಲ್ಲಿ 1,26,000 ಆಗಬೇಕು. ಮಧ್ಯಮ ಗಾತ್ರದ ಕನ್ನಡ ಪ್ರಕಾಶಕರು ಅಷ್ಟು ಕೊಡಲಾರರು. ಅವರು ಜುಗ್ಗರೆಂದಲ್ಲ. 1,000 ಪ್ರತಿ ಅಚ್ಚು ಹಾಕಿ, ಅಂಗಡಿಯವರಿಗೆ ಕಮಿಷನ್ ಬಿಟ್ಟುಕೊಟ್ಟು ಮಾರುವ 150 ರೂಪಾಯಿಯ ಪುಸ್ತಕದಲ್ಲಿ ಅಷ್ಟು ಹಣವೇ ಇಲ್ಲ. ಅವರೊಡನೆ ಮಾತಿಗೆ ಕೂರುವಾಗ ಈ ಸತ್ಯ ನೆನಪಿರಲಿ, ಕೋಪ ಕಡಿಮೆಯಾಗುತ್ತದೆ.

ಹಾಗಾದರೆ ಏನು ಮಾಡಬಹುದು? ಬೆಲೆ ಏರಿಸಲಾಗದಿದ್ದರೆ ಕೆಲಸವನ್ನು ಇಳಿಸಿ. ಜೋಡಿಪುಟದ ಚಿತ್ರ 6 ಸಾಕು, ಉಳಿದ 10 ಚಿತ್ರ ಪುಟದ ಮೂಲೆಯಲ್ಲಿ ಕೂರುವ ಸಣ್ಣವು ಎಂದು ಸೂಚಿಸಿ. 6ಕ್ಕೆ 54 ಗಂಟೆ, ಸಣ್ಣವಕ್ಕೆ ತಲಾ 3ರಂತೆ 30, ಪಾತ್ರ ಕಟ್ಟುವುದಕ್ಕೆ 14, ಮುಖಪುಟಕ್ಕೆ 12, ತಿದ್ದುಪಡಿಗೆ 10. ಈಗ 120 ಗಂಟೆ, 72,000 ರೂಪಾಯಿ. ಅವರು 50,000ದವರೆಗೆ ಬಂದರು ಎನ್ನಿ, ಗಂಟೆಗೆ 416 ಬಿತ್ತು. ಇನ್ನೂ 22,000 ಕೊರತೆ. ಆ ಕೊರತೆಯನ್ನು ಹಣದಲ್ಲಿ ತುಂಬಿಸಲಾಗದಿದ್ದರೆ ಹಕ್ಕಿನಲ್ಲಿ ತುಂಬಿಸಿಕೊಳ್ಳಿ. ಮೊದಲ ಮುದ್ರಣ, ಕನ್ನಡ ಮಾತ್ರ. ಎರಡನೇ ಮುದ್ರಣದಿಂದ ಮುಖಬೆಲೆಯ ಮೇಲೆ ನೂರಕ್ಕೆ 5 ರಾಯಲ್ಟಿ. ಬೇರೆ ಭಾಷೆಗೆ ಹೋದರೆ ಬೇರೆ ಮಾತುಕತೆ. ಕ್ಯಾಲೆಂಡರು, ಚೀಲ, ಶುಭಾಶಯ ಪತ್ರಕ್ಕೆ ಚಿತ್ರ ಬಳಸುವಂತಿಲ್ಲ.

ಆದರೆ ರಾಯಲ್ಟಿಯ ಕನಸನ್ನು ಅಳತೆ ಮೀರಿ ಕಾಣಬೇಡಿ. 150 ರೂಪಾಯಿಯ ಪುಸ್ತಕ 2,000 ಪ್ರತಿ ಹೋದರೂ ನೂರಕ್ಕೆ 5ರಂತೆ ನಿಮಗೆ ಬರುವುದು 15,000. ಅದೂ ‘ಗ್ರಂಥಾಲಯಗಳ ಸಗಟು ಖರೀದಿಯ ಹಣ ಬಂದ ಮೇಲೆ’ ಎಂಬ ಮಾತಿನ ಹಿಂದೆ ನಿಂತಿರುತ್ತದೆ. ಪಾಲಿನ ಬೇಸಾಯಕ್ಕೆ ಹೊರಡುವ ಮೊದಲು ಮನೆಯಲ್ಲಿ ಕಾಳು ಇರಬೇಕು, ಎಂದರೆ ಮುಂಗಡ ಕೈಯಲ್ಲಿರಬೇಕು. ಇನ್ನೊಂದು ವಿಷಯ. ಕೆಲವು ಮಕ್ಕಳ ಪುಸ್ತಕಗಳು ಮುಕ್ತ ಪರವಾನಗಿಯಲ್ಲಿ ಹೊರಬರುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕಥೆಗಳೂ ಚಿತ್ರಗಳೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ, ಯಾರು ಬೇಕಾದರೂ ಹೆಸರು ಹೇಳಿ ಮರುಬಳಕೆ ಮಾಡಬಹುದು. ನಿಮ್ಮ ಚಿತ್ರ ಎಷ್ಟೋ ಭಾಷೆಯ ಮಕ್ಕಳನ್ನು ತಲುಪುತ್ತದೆ, ಅದು ಸಣ್ಣ ಸಂತೋಷವಲ್ಲ. ಆದರೆ ಮುಕ್ತ ಪರವಾನಗಿಯ ಕೆಲಸದಲ್ಲಿ ಮುಂದೆ ರಾಯಲ್ಟಿ ನಿರೀಕ್ಷಿಸುವಂತಿಲ್ಲವಾದ್ದರಿಂದ, ಯಾರಿಗೇ ಹಾಗೆ ಮಾಡಿಕೊಟ್ಟರೂ ಪೂರ್ತಿ ಶುಲ್ಕವನ್ನು ಮೊದಲೇ ಮಾತಾಡಿಕೊಳ್ಳಿ.

ಹಕ್ಕಿನ ವಿಷಯದಲ್ಲಿ ಕಲಾವಿದರ ನಡುವೆ ಒಂದು ತಪ್ಪು ನಂಬಿಕೆ ಗಟ್ಟಿಯಾಗಿದೆ. ‘ನಾನು ನೌಕರಳಲ್ಲ, ಆದ್ದರಿಂದ ಚಿತ್ರದ ಹಕ್ಕು ತಾನಾಗಿಯೇ ನನ್ನದು’ ಎಂಬುದು. ಬರಹಗಾರರ ಮಟ್ಟಿಗೆ ಇದು ಬಹುಪಾಲು ಸರಿ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ, ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇಲೆ ಬರೆದ ವರ್ಣಚಿತ್ರ ಅಥವಾ ಭಾವಚಿತ್ರ, ತೆಗೆದ ಛಾಯಾಚಿತ್ರ ಇವುಗಳಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಒಡೆಯರು ಎನ್ನುತ್ತದೆ. ‘ಬೇರೆ ಒಪ್ಪಂದ ಇಲ್ಲದಿದ್ದರೆ’ ಎಂಬ ಮಾತಿನಲ್ಲೇ ನಿಮ್ಮ ರಕ್ಷಣೆ ಇರುವುದು. ಆದ್ದರಿಂದ ಕೆಲಸ ಹಿಡಿಯುವ ಮೊದಲೇ ‘ಕೃತಿಸ್ವಾಮ್ಯ ಚಿತ್ರಕಾರರದು, ಪ್ರಕಾಶಕರಿಗೆ ಇಂಥ ಮುದ್ರಣಕ್ಕೆ ಮಾತ್ರ ಅನುಮತಿ’ ಎಂದು ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿ. ಹಕ್ಕನ್ನು ವಹಿಸಿಕೊಡುವುದಾದರೂ ಅದು ಬರಹದಲ್ಲಿ, ಸಹಿಯೊಡನೆ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು 19ನೇ ಕಲಂ ಅರ್ಥಮಾಡಿಕೊಳ್ಳುತ್ತದೆ. ಕಲಾಕೃತಿಯ ಹಕ್ಕು ನಿಮ್ಮ ಜೀವಿತಾವಧಿ ಮುಗಿದ ಮೇಲೂ 60 ವರ್ಷ ಬಾಳುವಂಥದ್ದು. 40,000ಕ್ಕೆ ಮಾರುತ್ತಿರುವುದು 210 ಗಂಟೆಯ ದುಡಿಮೆಯನ್ನೋ, ಮೊಮ್ಮಕ್ಕಳ ಕಾಲದವರೆಗಿನ ಹಕ್ಕನ್ನೋ ಎಂಬುದು ಆ ಒಂದು ಪುಟದಲ್ಲಿ ತೀರ್ಮಾನವಾಗುತ್ತದೆ.

ಅದೇ ಪುಟದಲ್ಲಿ ತಿದ್ದುಪಡಿಯ ಮಾತೂ ಇರಲಿ. ನಾನು ನೋಡಿದ ಪುಸ್ತಕಗಳಲ್ಲಿ ಕಲಾವಿದರು ಸೋತದ್ದು ಹೆಚ್ಚಾಗಿ ದರದಲ್ಲಲ್ಲ, ‘ಆ ಹಸುವಿನ ಬಣ್ಣ ಸ್ವಲ್ಪ ಬದಲಿಸಿ ನೋಡೋಣ’ ಎಂಬಲ್ಲಿ. ಕರಡಿನ ಹಂತದಲ್ಲಿ ಎರಡು ಸಲ, ಬಣ್ಣದ ಹಂತದಲ್ಲಿ ಒಂದು ಸಲ ತಿದ್ದುಪಡಿ ಶುಲ್ಕದೊಳಗೆ. ಅದಕ್ಕೆ ಮೀರಿದರೆ ಗಂಟೆಗೆ 600. ಅಡುಗೆಮನೆಯ ಲೆಕ್ಕ ಜಗುಲಿಗೆ ಬರುವುದು ಇದೊಂದೇ ಸಂದರ್ಭದಲ್ಲಿ. ಈ ಸಾಲು ಬರೆದಿದ್ದರೆ ಹಸು ಸಾಮಾನ್ಯವಾಗಿ ಮೊದಲಿನ ಬಣ್ಣದಲ್ಲೇ ಉಳಿಯುತ್ತದೆ. ಹಣ ಮೂರು ಕಂತಿನಲ್ಲಿ: ಆರಂಭಕ್ಕೆ ನೂರಕ್ಕೆ 40, ಕರಡು ಒಪ್ಪಿದಾಗ 30, ಮುಗಿದಾಗ 30. ನಡುವೆ ಪುಸ್ತಕ ನಿಂತುಹೋದರೆ ಅಲ್ಲಿಯವರೆಗಿನ ಕಂತು ಹಿಂದಿರುಗಿಸುವಂತಿಲ್ಲ.

ಬಾಕಿ ವಸೂಲಿಗೆ ಒಂದು ಹತಾರ ಇದೆ, ಬಳಸುವವರು ಕಡಿಮೆ. ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ಕಿರು ಉದ್ದಿಮೆಯೆಂದು ನೋಂದಾಯಿಸಿಕೊಳ್ಳಿ. ಸೇವೆ ಒದಗಿಸುವವರೂ ನೋಂದಾಯಿಸಬಹುದು, ಶುಲ್ಕವಿಲ್ಲ, ಹಣ ಕೇಳುವ ದಲ್ಲಾಳಿಗಳ ಹತ್ತಿರ ಹೋಗಬೇಡಿ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಒಪ್ಪಂದವಿದ್ದರೂ 45 ದಿನಕ್ಕೆ ಮೀರದಂತೆ ನಿಮಗೆ ಹಣ ಸಲ್ಲಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. 2024-25ರ ತೆರಿಗೆ ನಿರ್ಧರಣಾ ವರ್ಷದಿಂದ, ಈ ಗಡುವಿನೊಳಗೆ ಕಿರು ಅಥವಾ ಸಣ್ಣ ಉದ್ದಿಮೆಗೆ ಹಣ ಕೊಡದ ಗಿರಾಕಿ, ಕೊಡುವವರೆಗೂ ಆ ಮೊತ್ತವನ್ನು ತನ್ನ ಖರ್ಚೆಂದು ಕಳೆಯುವಂತಿಲ್ಲ. ಮಾರ್ಚ್ ತಿಂಗಳಲ್ಲಿ ಕಂಪನಿಗಳ ಲೆಕ್ಕಪರಿಶೋಧಕರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಹಾಗಾಗಿ ಬಿಲ್ಲಿನಲ್ಲಿ ಉದ್ಯಮ್ ಸಂಖ್ಯೆ ಕಾಣುವಂತಿರಲಿ. ಆದರೆ ಊರಿನ ಸಣ್ಣ ಪ್ರಕಾಶಕರ ಮೇಲೆ ಬಡ್ಡಿಯ ನೋಟಿಸು ಕಳಿಸಿದರೆ ಅವರ ಮುಂದಿನ ಪುಸ್ತಕ ನಿಮಗೆ ಬರುವುದಿಲ್ಲ. ಅದು ನಿಮಗೂ ಗೊತ್ತಿದೆ, ನನಗೂ ಗೊತ್ತಿದೆ. ದೊಡ್ಡವರ ಹತ್ತಿರ ಬಳಸುವ ಹತಾರ ಇದು.

ಮೈದುನನ ಸೊನ್ನೆಗೆ ಬರೋಣ. ಸ್ವಂತ ಹೆಸರಿನಲ್ಲಿ ದುಡಿಯುವವರು ತಮಗೆ ತಾವೇ ಕೂಲಿ ಕೊಟ್ಟುಕೊಂಡು ಅದನ್ನು ಖರ್ಚೆಂದು ತೋರಿಸಲು ಬರುವುದಿಲ್ಲ. ಬಲಗೈಯಿಂದ ಎಡಗೈಗೆ ಹಣ ದಾಟಿದರೆ ತೆರಿಗೆ ಇಲಾಖೆ ಅದನ್ನು ವ್ಯವಹಾರವೆಂದು ಒಪ್ಪುವುದಿಲ್ಲ. ನೀವು ಮನೆ ಖರ್ಚಿಗೆ ತೆಗೆದುಕೊಂಡದ್ದು ಲೆಕ್ಕದಲ್ಲಿ ‘ಹಿಂಪಡೆತ’, ಸಂಬಳವಲ್ಲ. ಹಾಗಾಗಿ ಸ್ವಂತ ಚಿತ್ರಪುಸ್ತಕದ 300 ಗಂಟೆ ಖರ್ಚೂ ಅಲ್ಲ, ಆಸ್ತಿಯೂ ಅಲ್ಲ. ಅದಕ್ಕೆ ಕೊಂಡ ಕಾಗದ, ಬಣ್ಣ, ಅಚ್ಚಿನ ವೆಚ್ಚ ಬಿಲ್ಲಿದ್ದರೆ ಲೆಕ್ಕಕ್ಕೆ ಬರುತ್ತದೆ. ಟ್ರಸ್ಟಿಗೆ ಬಿಟ್ಟಿ ಬರೆದ ಚಿತ್ರಗಳದ್ದೂ ಅದೇ ಕಥೆ. ದೇಣಿಗೆಯ ವಿನಾಯಿತಿ ಹಣ ಕೊಟ್ಟವರಿಗೆ ಮಾತ್ರ, ದುಡಿಮೆ ಅಥವಾ ವಸ್ತು ಕೊಟ್ಟವರಿಗಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಹಣ ಕೊಟ್ಟವರಿಗೂ ಅದು ಸಿಗುವುದಿಲ್ಲ. ಯಾರಾದರೂ ‘ನಿಮ್ಮ ಗಂಟೆಗಳ ಮೌಲ್ಯಕ್ಕೆ ರಸೀದಿ ಕೊಡುತ್ತೇವೆ’ ಎಂದರೆ ನಯವಾಗಿ ಬೇಡ ಎನ್ನಿ.

ಆದರೂ ಆ 300 ಗಂಟೆಯ ಬೆಲೆಯನ್ನು ನಿಮ್ಮ ನೋಟುಬುಕ್ಕಿನಲ್ಲಿ ಬರೆದಿಡಿ. 64,800 ಎಂದಲ್ಲ, 600ರಂತೆ 1,80,000 ಎಂದು. ಸ್ವಂತ ಪುಸ್ತಕ ಮಾಡುವುದಕ್ಕೆ ನೀವು ಬಿಟ್ಟುಕೊಟ್ಟ ಸಂಪಾದನೆ ಅದು. ನಾಳೆ ಯಾರಾದರೂ ಆ ಪುಸ್ತಕವನ್ನು ಪ್ರಕಟಿಸುತ್ತೇವೆ ಎಂದು 25,000ಕ್ಕೆ ಪೂರ್ತಿ ಹಕ್ಕು ಕೇಳಿದಾಗ ಎದುರಿಗೆ ಇಟ್ಟು ನೋಡಲು ಒಂದು ಅಂಕಿ ಬೇಕು. ಅನುದಾನಕ್ಕೆ ಅರ್ಜಿ ಹಾಕುವಾಗಲೂ ಆಯಾ ಸಂಸ್ಥೆಯ ನಿಯಮ ಒಪ್ಪುವುದಾದರೆ ಕಲಾವಿದರ ಶುಲ್ಕ ಎಂಬ ಸಾಲಿನಲ್ಲಿ ಅದೇ ದರ ಹಾಕಿ. ಅಲ್ಲಿ ನಾಚಿ ಕಡಿಮೆ ಬರೆದವರ ಯೋಜನೆಯನ್ನು ಪರಿಶೀಲಿಸುವವರು ಅನುಭವ ಸಾಲದು ಎಂದು ಓದಿಕೊಳ್ಳುವ ಸಾಧ್ಯತೆಯೇ ಹೆಚ್ಚು.

ತೆರಿಗೆಯಲ್ಲಿ ನಿಮಗೆ ಬೇಕಾದದ್ದು ಇನ್ನೆರಡು ಮಾತು. ವೃತ್ತಿ ಶುಲ್ಕ ಒಬ್ಬರಿಂದ ವರ್ಷಕ್ಕೆ 50,000 ದಾಟಿದರೆ ಅವರು ನೂರಕ್ಕೆ 10 ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತಾರೆ. ಅದು ಹೋದ ಹಣವಲ್ಲ, ರಿಟರ್ನ್ ಸಲ್ಲಿಸಿದರೆ ನಿಮಗೆ ತೆರಿಗೆಯೇ ಇಲ್ಲದ ಮಟ್ಟದಲ್ಲಿ ಅಷ್ಟೂ ವಾಪಸು ಬರುತ್ತದೆ. ಇದನ್ನು ಖರ್ಚೆಂದು ತಿಳಿದು ದರ ಏರಿಸುವವರೂ ಇದ್ದಾರೆ, ರಿಟರ್ನ್ ಸಲ್ಲಿಸದೆ ವರ್ಷಗಟ್ಟಲೆ ಬಿಟ್ಟವರೂ ಇದ್ದಾರೆ. ಎರಡನೆಯದು, ‘ಕಲಾವಿದರು ಆದಾಯದ ಅರ್ಧವನ್ನು ಲಾಭವೆಂದು ತೋರಿಸಿದರೆ ಸಾಕು, ಲೆಕ್ಕಪುಸ್ತಕ ಬೇಡ’ ಎಂಬ ಮಾತು. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿನ ಈ ಸೌಲಭ್ಯ ಹೆಸರಿಸಿದ ವೃತ್ತಿಗಳಿಗೆ ಮಾತ್ರ. ಅದರಲ್ಲಿ ವೈದ್ಯರು, ವಕೀಲರು, ವಾಸ್ತುಶಿಲ್ಪಿಗಳು, ಒಳಾಂಗಣ ಅಲಂಕಾರ ಮಾಡುವವರು, ಕಲಾ ನಿರ್ದೇಶಕರೂ ವಸ್ತ್ರ ವಿನ್ಯಾಸಕರೂ ಸೇರಿದಂತೆ ಚಲನಚಿತ್ರ ಕಲಾವಿದರು ಇದ್ದಾರೆ. ಪುಸ್ತಕಕ್ಕೆ ಚಿತ್ರ ಬರೆಯುವವರನ್ನು ಹೆಸರಿಸಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂ ಸಂಖ್ಯೆಗಳೂ ಬದಲಾಗಿವೆ. ನಿಮ್ಮ ಕೆಲಸ ಯಾವ ಗುಂಪಿಗೆ ಸೇರುತ್ತದೆಂದು ಮೈದುನನೊಡನೆ ಕುಳಿತು ತೀರ್ಮಾನಿಸಿ, ಅವನ ನಗುವಿಗೆ ಅದು ತಕ್ಕ ಶಿಕ್ಷೆ. ಜಿಎಸ್‌ಟಿಯ ಚಿಂತೆ ಬೇಡ, ಸೇವೆಗೆ 20 ಲಕ್ಷದ ಮಿತಿ ನಿಮ್ಮಿಂದ ದೂರವಿದೆ.

ದರ ಒಮ್ಮೆಲೇ ಮೂರು ಪಟ್ಟು ಮಾಡಿ ಎಂದು ನಾನು ಹೇಳುತ್ತಿಲ್ಲ. ಹೊಸ ಗಿರಾಕಿಗಳಿಗೆ ಈ ತಿಂಗಳಿಂದಲೇ ಹೊಸ ದರ. ಹಳಬರಿಗೆ ಬಿಲ್ಲಿನಲ್ಲಿ ಪೂರ್ತಿ ಮೊತ್ತ ಬರೆದು, ಕೆಳಗೆ ‘ಹಳೆಯ ಒಡನಾಟದ ರಿಯಾಯಿತಿ’ ಎಂದು ಕಳೆದು ತೋರಿಸಿ, ಮುಂದಿನ ಬಿಲ್ಲಿನಲ್ಲಿ ಆ ರಿಯಾಯಿತಿಯನ್ನು ಸ್ವಲ್ಪ ಇಳಿಸಿ. ಒಬ್ಬಿಬ್ಬರು ಬಿಟ್ಟುಹೋಗುತ್ತಾರೆ. 216ರ ಗಿರಾಕಿ ಇಬ್ಬರು ಹೋಗಿ 600ರವರು ಒಬ್ಬರು ಉಳಿದರೂ ನಿಮಗೆ ನಷ್ಟವಿಲ್ಲ, ಮಧ್ಯಾಹ್ನದ ಹೊತ್ತು ಮಿಗುತ್ತದೆ. ಅಪಾಯ ಇರುವುದು ಮೊದಲ ಮೂರು ನಾಲ್ಕು ತಿಂಗಳಲ್ಲಿ, ಹಳಬರು ಹೋಗಿ ಹೊಸಬರು ಇನ್ನೂ ಬಾರದ ಹೊತ್ತಿನಲ್ಲಿ. ಅಷ್ಟು ತಿಂಗಳ ಮನೆ ಖರ್ಚು ಕೈಯಲ್ಲಿಲ್ಲದಿದ್ದರೆ ಈಗ ಬಂದಿರುವ 40,000ದ ಪುಸ್ತಕವನ್ನು ಚಿತ್ರಗಳ ಸಂಖ್ಯೆ ಇಳಿಸಿಯಾದರೂ ಒಪ್ಪಿಕೊಳ್ಳಿ. ಹೊಟ್ಟೆಗೆ ಹಿಟ್ಟು ಬೇಕಾದಾಗ ಕಡಿಮೆಗೆ ದುಡಿಯುವುದು ಸೋಲಲ್ಲ. ಎಷ್ಟು ಕಡಿಮೆಗೆ ಎಂದು ಗೊತ್ತಿಲ್ಲದೆ ದುಡಿಯುವುದೇ ನಿಮ್ಮನ್ನು ಇಲ್ಲಿಗೆ ತಂದದ್ದು.

ಮದುವೆ ಕರೆಯೋಲೆಯ ಪ್ರಶ್ನೆಯನ್ನು ನೀವು ಕೊನೆಗೆ ಇಟ್ಟಿದ್ದೀರಿ, ಹೆಚ್ಚು ನೋಯಿಸುತ್ತಿರುವುದು ಅದೇ ಎಂದು ನನ್ನ ಗುಮಾನಿ. ತೀರಾ ಹತ್ತಿರದವರಾದರೆ ದುಡ್ಡು ಕೇಳಬೇಡಿ. ನಮ್ಮಲ್ಲಿ ಮದುವೆ ಮನೆಯಲ್ಲಿ ಮುಯ್ಯಿ ಎಂದು ಒಂದಿದೆ. ಯಾರು ಎಷ್ಟು ಕೊಟ್ಟರು ಎಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಹಿಂದಿರುಗಿಸುತ್ತಾರೆ. ನಿಮ್ಮ ಚಿತ್ರವೂ ಮುಯ್ಯಿಯೇ. ಕರೆಯೋಲೆ ಬರೆದುಕೊಟ್ಟ ಮೇಲೆ ಬೆಳ್ಳಿ ಬಟ್ಟಲು ಬೇಡ, ಕವರಿನಲ್ಲಿ ನೋಟೂ ಬೇಡ. ನೋಟುಬುಕ್ಕಿನಲ್ಲಿ ‘12 ಗಂಟೆ, ದೊಡ್ಡಮ್ಮನ ಮಗಳ ಮದುವೆ’ ಎಂದು ಬರೆದುಕೊಳ್ಳಿ. ವರ್ಷಕ್ಕೆ ಇಂಥವು 40 ಗಂಟೆ ದಾಟಿದರೆ ‘ಈ ವರ್ಷ ಆಗಲಿಲ್ಲ’ ಎನ್ನಲು ನಿಮ್ಮ ಕೈಯಲ್ಲಿ ಕಾರಣವಿರುತ್ತದೆ. ತಿದ್ದುಪಡಿ ಅವರಿಗೂ ಒಂದೇ ಸಲ. ಮದುಮಗನ ಸೋದರಮಾವನ ಹೆಸರು ಬಿಟ್ಟುಹೋಯಿತೆಂದು ರಾತ್ರಿ ಹನ್ನೊಂದಕ್ಕೆ ಫೋನು ಬಂದರೆ, ಅಚ್ಚಿನ ಮನೆಯವರ ನಂಬರು ಕೊಟ್ಟು ಮಲಗಿಕೊಳ್ಳಿ.